ಗುಲಾಬಿಯ ತೊಟ್ಟಿಗೆ ಏನೋ ಬೀಳುತ್ತಿತ್ತು

ಕಳೆದ ಬೇಸಿಗೆಯ ಮಾತು. ವರ್ತೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಪುಣೆಗೆ ಹೋಗುವಾಗ ತಾನು ಸಾಕಿದ್ದ ಆಕ್ಸೊಲಾಟಲನ್ನು ನನ್ನ ಮಗಳು ಹಂಸಳಿಗೆ ಕೊಟ್ಟು ಹೋದಳು. ಅದು ನೀರಿನ ಪ್ರಾಣಿ, ಆದರೆ ಮೀನಲ್ಲ. ನಾಲ್ಕು ಕಾಲು, ಉದ್ದ ಬಾಲ, ಕತ್ತಿನ ಪಕ್ಕ ಕೆಂಪು ಕುಚ್ಚಿನಂಥ ಕಿವಿರು. ಮೈಬಣ್ಣ ನೋಡಿ ಹಂಸ ಅದಕ್ಕೆ ಗುಲಾಬಿ ಎಂದು ಹೆಸರಿಟ್ಟಳು. ಅದಕ್ಕೆ ತಂಪು ಬೇಕೆಂದು ಗಾಜಿನ ತೊಟ್ಟಿಯನ್ನು ದೇವರ ಮನೆಯ ಪಕ್ಕದ ಮೂಲೆಯಲ್ಲಿಟ್ಟೆವು. ಹಲ್ಲಿ ಜಾತಿಯದನ್ನು ದೇವರ ಪಕ್ಕ ತಂದಿಟ್ಟರಲ್ಲ ಎಂದು ನಮ್ಮತ್ತೆ ಮುಖ ಸಿಂಡರಿಸಿದರು.

ಕೆಲವು ವಾರ ಚೆನ್ನಾಗಿಯೇ ಇದ್ದ ಗುಲಾಬಿ ಇದ್ದಕ್ಕಿದ್ದಂತೆ ತಿನ್ನುವುದನ್ನು ಬಿಟ್ಟಿತು. ಎರೆಹುಳ ಬಾಯಿಗಿಟ್ಟರೂ ಉಗುಳುತ್ತಿತ್ತು. ಹಂಸಳೂ ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದಳು. ನನಗೆ ಮೊದಲು ಹುಳ ಮಾರುವವನ ಮೇಲೆ ಅನುಮಾನ. ಆಮೇಲೆ ಟ್ಯಾಂಕರ್ ನೀರಿನ ಮೇಲೆ. ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರು ವೈಟ್‌ಫೀಲ್ಡ್‌ನಲ್ಲಿದ್ದಾರೆಂದು ತಿಳಿದು ಗುಲಾಬಿಯನ್ನೂ ತೊಟ್ಟಿಯ ನೀರನ್ನೂ ಒಯ್ದೆ. ಅವರು ನೀರನ್ನು ಮೂಸಿ ನೋಡಿ ಕೇಳಿದರು: "ಮನೇಲಿ ಯಾರಾದ್ರೂ ಇದಕ್ಕೆ ಏನಾದ್ರೂ ಹಾಕ್ತಿದಾರಾ ಮೇಡಂ?"

ಆಟೋದಲ್ಲಿ ಬರುವಾಗ ನನ್ನ ಕಣ್ಣ ಮುಂದೆ ಒಂದೇ ಮುಖ. ಬಾಯಿಬಿಟ್ಟು ಹೇಳುವಂತಿಲ್ಲ, ಗಂಡನ ತಾಯಿ. ಅವರು ಆ ಮೂಲೆಗೆ ಹೋದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬಟ್ಟೆ ಒಣಹಾಕಲು ಹೋಗುವಂತೆ ನಟಿಸಿ ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಅತ್ತೆ ಪೂಜೆ ಮುಗಿಸಿದರು. ಆ ಕಡೆ ಈ ಕಡೆ ನೋಡಿದರು. ತೊಟ್ಟಿಯ ಮುಚ್ಚಳ ಸರಿಸಿ ಏನನ್ನೋ ಸುರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದುರಿಗೆ ಹೋಗಿ, ಏನು ಹಾಕಿದಿರಿ ಎಂದು ಕೇಳಿಯೇಬಿಟ್ಟೆ.

"ತೀರ್ಥ ಕಣಮ್ಮ. ಬೀದಿ ಮಕ್ಕಳೆಲ್ಲ ಬಂದು ನೋಡ್ಕೊಂಡು ಓಗ್ತವೆ, ದೃಷ್ಟಿ ತಾಗಲ್ವಾ? ದಿನಾ ಒಂದು ಚಮಚ ಬಿಡ್ತಿದ್ದೆ. ತಿನ್ನೋದು ಬಿಟ್ಮೇಲೆ ಎರಡು ಬಿಡ್ತಾ ಇವ್ನಿ."

ಕದ್ದು ಯಾಕೆ ಹಾಕಿದಿರಿ ಎಂದರೆ, "ನೀನು ನಗ್ತೀಯ ಅಂತ" ಎಂದರು.

ತೀರ್ಥದಲ್ಲಿ ತುಳಸಿಯ ಜೊತೆ ಪಚ್ಚಕರ್ಪೂರವೂ ಇತ್ತು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಆ ಜೀವಕ್ಕೆ ಅದೇ ವಿಷವಾಗಿತ್ತು. ವಿಷಯ ತಿಳಿಸಿದಾಗ ಅತ್ತೆ ತೊಟ್ಟಿಯ ಮುಂದೆ ಕೂತು ಗುಲಾಬಿಗೆ ಕೈ ಮುಗಿದರು. ಹಿಂದಿನ ದಿನದಿಂದ ಏನೇನು ಕಲ್ಪಿಸಿಕೊಂಡಿದ್ದೆನೆಂದು ನನಗೆ ನಾಚಿಕೆಯಾಯಿತು.

ಡಾಕ್ಟರು ಹೇಳಿದಂತೆ ದಿನವೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆವು. ಒಂದು ಸಂಜೆ ಗುಲಾಬಿ ಗಬಕ್ಕನೆ ಹುಳ ನುಂಗಿತು. ಅದನ್ನು ಮೊದಲು ನೋಡಿದವರು ಅತ್ತೆಯೇ. ಬೀದಿಗೆಲ್ಲ ಕೇಳಿಸುವಂತೆ ಹಂಸಳನ್ನು ಕೂಗಿದರು.

ಈಗ ಅವರು ತೀರ್ಥ ಹಾಕುವುದಿಲ್ಲ. ಆದರೆ ನಾನು ತೊಟ್ಟಿಯ ಹತ್ತಿರ ಹೋದರೆ ಸಾಕು, ಹಿಂದೆಯೇ ಬಂದು ನಿಲ್ಲುತ್ತಾರೆ. "ಕೈಯಲ್ಲಿ ಸೋಪ್ ಇಲ್ಲ ತಾನೆ? ತೋರ್ಸು" ಎನ್ನುತ್ತಾರೆ. ನಾನು ಎರಡೂ ಕೈ ಚಾಚಿ ತೋರಿಸುತ್ತೇನೆ.