ಯಾರೂ ತಗೊಳ್ಳದ ಎಳ್ಳು

ಇವತ್ತು ಸೊಸೆ ಎಳ್ಳು ಹುರಿದ ವಾಸನೆಗೆ ಹಲಸೂರಿನ ಆ ಸಂಕ್ರಾಂತಿ ನೆನಪಾಯ್ತು.

ಅಪ್ಪ ದಂಡಿನ ಬ್ರಿಟಿಷ್ ಸೋಲ್ಜರುಗಳಿಗೆ ಯೂನಿಫಾರ್ಮ್ ಹೊಲೀತಿದ್ರು. ಸ್ವಾತಂತ್ರ್ಯ ಚಳವಳಿಯ ಪಕ್ಷದವರು ಬೀದಿ ಭಾಷಣದಲ್ಲಿ ಅಪ್ಪನಿಗೆ 'ಬಿಳಿಯರ ಬಾಲ' ಅಂತ ಹೆಸರಿಟ್ರು. ಅಪ್ಪನೂ ಕಮ್ಮಿಯಿಲ್ಲ, ಅವರನ್ನ 'ಟೋಪಿ ಪುಂಡರು' ಅಂತಿದ್ರು.

ಆ ಸಂಜೆ ರೇಷ್ಮೆ ಲಂಗ ಉಟ್ಟು ಎಳ್ಳು ಬೀರೋಕೆ ಹೊರಟೆ. ದಿನಾ ಜೊತೆಗೆ ಆಡ್ತಿದ್ದ ಕಮಲಿ ಬಾಗಿಲಿಗೆ ಓಡಿಬಂದ್ಲು. ಒಳಗಿಂದ ಅವಳಮ್ಮ, "ಬಾಲದ ಮನೆ ಎಳ್ಳು ಬೇಡ, ಒಳಗೆ ಬಾರೇ" ಅಂದ್ರು. ಬೀದಿ ಪೂರ್ತಿ ಹಾಗೇ.

ತುಂಬಿದ ತಟ್ಟೆ ಹಾಗೇ ಮನೆಗೆ ವಾಪಸ್ ತಂದೆ. ಅಪ್ಪ ಮಿಷನ್ ತುಳಿಯೋದು ನಿಲ್ಲಿಸಿ ಒಂದು ಹಿಡಿ ಬಾಯಿಗೆ ಹಾಕ್ಕೊಂಡು, "ಚೆನ್ನಾಗಿದೆ ಮಗಳೇ" ಅಂದ್ರು.

ಈಗಷ್ಟೇ ಬೆಲ್ ಆಯ್ತು. ಸೊಸೆ ಕಿಟಕಿಯಿಂದ ಇಣುಕಿ, "ಎದುರು ಮನೆಯೋರು, ಆ ಪಕ್ಷದ ಗುಲಾಮರು. ಬಾಗಿಲು ತೆಗೀಬೇಡಿ ಅತ್ತೆ" ಅಂದ್ಲು.

ನಾನೂ ಇಣುಕಿದೆ. ರೇಷ್ಮೆ ಲಂಗದ ಪುಟ್ಟ ಹುಡುಗಿ ಎರಡೂ ಕೈಲಿ ತಟ್ಟೆ ಹಿಡಿದು ನಿಂತಿದ್ಲು.