ಬಾಲ ಕೊಯ್ದರೂ ಒಡೆಯದ ಅಂಕಿ

ಅವಿಚ್ಛಿನ್ನವೋ, ಅವಿಭಕ್ತವೋ... ಅಲ್ಲ, ಅವಿಭಕ್ತ ಅನ್ನುವುದು ಕುಟುಂಬಕ್ಕೆ. ಹಾಂ ಪುಟ್ಟೀ, ಅವಿಭಾಜ್ಯ! ಒಂದು ಮತ್ತು ತಾನು, ಈ ಎರಡನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ. ಕನ್ನಡದ ಊರು ಬಿಟ್ಟು ನಾಗಪುರಕ್ಕೆ ಬಂದಮೇಲೆ ಈ ಪದ ನಾಲಿಗೆಗೇ ಬಂದಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ತಂಬೂರು ಎಂಬ ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಒಬ್ಬ ಬಸುರಿಯ ಕುಬಸದ, ಅಂದರೆ ಸೀಮಂತದ, ಊಟಕ್ಕೆ ಹೋದರೆ, ಅವಳ ಅತ್ತೆ ಗಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಡಪು ಕಟ್ಟಿ ಗಂಡನ ಹೆಸರು ಹೇಳ್ರಿ ಅಕ್ಕೋರ, ಆಮ್ಯಾಲೆ ಒಳಗ ಬರ್ರಿ."

ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳುವ ಆ ಒಡಪು ನನಗೆ ಒಂದೂ ಬಾರದು. ಒಳಗಿಂದ ಹೋಳಿಗೆಯ ಘಮ ಬೇರೆ. ಪಕ್ಕದಲ್ಲಿ ರಂಗೋಲಿ ಪುಡಿ ಕಂಡಿತು. ಕೂತು, ಒಡಪಿನ ಬದಲಿಗೆ ಕಾಲೇಜಿನಲ್ಲಿ ಕಲಿತ ಅಂಕಿ ಬರೆದೆ: ೭೩೯೩೯೧೩೩.

"ಇದನ್ನ ಸಮಪಾಲು ಮಾಡಾಕ ಆಗೂದಿಲ್ರಿ. ಬಾಲದ ಅಂಕಿ ಅಳಸ್ರಿ, ಉಳಿದದ್ದನ್ನೂ ಆಗೂದಿಲ್ಲ."

ಗಂಗವ್ವ ಹೆಬ್ಬೆರಳಿನಿಂದ ಒಂದೊಂದೇ ಅಳಿಸುತ್ತ, "ಈಗ?" ಅಂದಳು.

"ಈಗೂ ಇಲ್ರಿ."

೭೩ ಉಳಿದಾಗ ಹೆಂಗಸರೆಲ್ಲ ಅಷ್ಟೇ ಶೇಂಗಾ ಎಣಿಸಿ ತಂದು ಸಾಲು ಹಚ್ಚಿದರು. ಎಷ್ಟೆಷ್ಟರ ಸಾಲು ಹಚ್ಚಿದರೂ ಕೊನೆಗೆ ಒಂದಿಷ್ಟು ಮಿಕ್ಕೇ ಮಿಕ್ಕವು. ಬಸುರಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

"ಅದೆಲ್ಲಾ ಖರೇರಿ, ಗಂಡ ಎಲ್ಲಿ ಅದಾನ ಇದರಾಗ?" ಗಂಗವ್ವ ಬಿಡಲೊಲ್ಲಳು.

ಬಾಯಿಗೆ ತಾನಾಗಿಯೇ ಬಂತು: "ಬಾಲ ಕೊಯ್ದರೂ ಅಂಕಿ ಬಿಡಲಿಲ್ಲ ಹಟ, ನಮ್ಮ ವಾಮನರಾಯರದೂ ಮನ್ಯಾಗ ಅದೇ ಆಟ!"

ಗಂಗವ್ವ ಕೈಹಿಡಿದು ಎಳೆದೊಯ್ದು ಮೊದಲ ಎಲೆಗೇ ಕೂಡಿಸಿದಳು.

ಬರಕೋ ಪುಟ್ಟೀ, ಮರೆತುಹೋದೀತು. ಒಡಪನ್ನು ಮಾತ್ರ ಗಟ್ಟಿಯಾಗಿ ಓದಬೇಡ, ಅಜ್ಜ ಪಕ್ಕದ ಕೋಣೆಯಲ್ಲೇ ಇದ್ದಾರೆ.