ಮಿಷಿನ್ನಿಗೆ ಅಂಟಿಸಿದ ಮುಖ

ಪೀಣ್ಯದ ಗಾರ್ಮೆಂಟ್ಸಿನಲ್ಲಿ ನಾನು ಕಾಲರ್ ಹೊಲಿಯುತ್ತಿದ್ದಾಗ, ಟೈ ಕಟ್ಟಿಕೊಂಡ ಟ್ರೈನರ್ ಒಬ್ಬ ಬಂದು ಬುದ್ಧಿ ಹೇಳಿದ: ‘ಯಾರಿಗೋಸ್ಕರ ದುಡೀತೀರೋ ಅವರ ಫೋಟೊ ಮಿಷಿನ್‌ಗೆ ಅಂಟಿಸ್ಕೊಳ್ಳಿ. ಕೈ ತಾನಾಗೇ ಓಡುತ್ತೆ.’ ನಾವೂ ಪೆದ್ದಿಯರ ಹಾಗೆ ಮಕ್ಕಳ ಫೋಟೊ ತಂದು ಅಂಟಿಸಿದೆವು. ಕೈ ಓಡಿದ್ದು ನಿಜ. ಅದರ ಹಿಂದೆಯೇ ಟಾರ್ಗೆಟ್ಟೂ ಏರಿತು.

ಒಂದು ಮಧ್ಯಾಹ್ನ ಪಕ್ಕದ ಮಿಷಿನ್ನಿನವಳಿಗೆ, ಮಗಳಿಗೆ ಜ್ವರ ನೆತ್ತಿಗೇರಿದೆಯೆಂದು ಮನೆಯಿಂದ ಸುದ್ದಿ ಬಂತು. ‘ಸಾರ್, ಒಂದ್ಸಲ ಮಗು ಮುಖ ನೋಡ್ಕೊಂಡು ಬಂದ್ಬಿಡ್ತೀನಿ’ ಎಂದು ಸೂಪರ್‌ವೈಸರನನ್ನು ಬೇಡಿದಳು. ಆ ಪಾಪಿ ಅವಳ ಮಿಷಿನ್ನಿನ ಫೋಟೊವನ್ನು ಬೆರಳಿನಿಂದ ಕುಟ್ಟಿ ತೋರಿಸಿದ: ‘ಮುಖ ಇಲ್ಲೇ ಐತಲ್ಲಮ್ಮ, ನೋಡ್ಕೊಂಡು ಹೊಲಿ.’

ಅವಳು ಕೂತು ಹೊಲಿದಳು.

ಆ ತಿಂಗಳು ಎಲ್ಲರಿಗಿಂತ ಹೆಚ್ಚು ಹೊಲಿದದ್ದು ನಮ್ಮ ಸಾಲು. ಬಹುಮಾನವಾಗಿ ಒಬ್ಬೊಬ್ಬರಿಗೂ ಒಂದೊಂದು ಫೋಟೊ ಫ್ರೇಮು ಕೊಟ್ಟರು.